ಕತ್ತರಿಸಿಟ್ಟ ಹನ್ನೊಂದು ನಿಮಿಷ

ಅಮರೇಶನಿಗೆ ಹಿಂದಿ ಬರುತ್ತಿರಲಿಲ್ಲ. ಲಿಂಗಸುಗೂರಿನಿಂದ ಬಂದು ವಿಜಯನಗರದ ಥಿಯೇಟರಿನಲ್ಲಿ ಎರಡನೇ ಆಪರೇಟರ್ ಆಗಿ ಎರಡು ವರ್ಷವಾಗಿತ್ತು. ಅಷ್ಟು ದಿನ ಅವನು ಓಡಿಸಿದ್ದೆಲ್ಲ ಕನ್ನಡ ಮತ್ತು ತೆಲುಗು ಸಿನಿಮಾ. 2006ರ ಆಗಸ್ಟಿನಲ್ಲಿ ಬರಬೇಕಿದ್ದ ಕನ್ನಡ ಚಿತ್ರ ಮುಂದಕ್ಕೆ ಹೋಯಿತು. ಆ ಎರಡು ವಾರ ತುಂಬಿಸಲು ಒಂದು ಹಿಂದಿ ಚಿತ್ರ ತಂದರು. ಮೂರು ಗಂಟೆಗೂ ಮೇಲಿತ್ತು. ದಿನಕ್ಕೆ ನಾಲ್ಕು ಆಟ ಹಿಡಿಸುತ್ತಿರಲಿಲ್ಲ.

“ಒಂದ್ ಹತ್ತು ನಿಮಿಷ ತೆಗಿ,” ಎಂದ ಹಿರಿಯ ಆಪರೇಟರ್ ಉಗ್ರಪ್ಪ. “ಹಾಡಿಗೆ ಕೈ ಹಾಕ್ಬೇಡ. ಮಾತು ಎಲ್ಲಿ ಜಾಸ್ತಿ ಇದೆಯೋ ಅಲ್ಲಿ ಹಾಕು ಬ್ಲೇಡು.”

ಮಾತು ಜಾಸ್ತಿ ಇದ್ದದ್ದು ಕೊನೆಯಲ್ಲಿ. ನಾಯಕಿ ಕೆರೆಗೆ ಇಳಿಯುತ್ತಾಳೆ. ನೀರು ಎದೆಮಟ್ಟ ಬರುತ್ತದೆ. ಪರದೆ ಬೆಳ್ಳಗಾಗುತ್ತದೆ. ಆಮೇಲೆ ಒಂದು ಅಡುಗೆಮನೆ, ಅದೇ ಹುಡುಗಿ, ಒಬ್ಬ ವಯಸ್ಸಾದ ಡಾಕ್ಟರಮ್ಮ, ಹನ್ನೊಂದು ನಿಮಿಷ ಬರೀ ಮಾತು. ಹಳೆಯ ನೆನಪಿನ ದೃಶ್ಯ ಇರಬೇಕು ಎಂದುಕೊಂಡು ಅಮರೇಶ ಬ್ಲೇಡು ಹಾಕಿದ. ಪ್ರಿಂಟು ವಾಪಸ್ ಹೋಗುವ ದಿನ ಮತ್ತೆ ಅಂಟಿಸಬೇಕಲ್ಲ, ಅದಕ್ಕೆ ತುಂಡನ್ನು ಸುತ್ತಿ ಡಬ್ಬದಲ್ಲಿ ಇಟ್ಟ.

ಮೂರನೆಯ ದಿನ, ಭಾನುವಾರದ ಮ್ಯಾಟಿನಿ. ಕ್ಯಾಬಿನ್ನಿನ ಕಿಂಡಿಯಿಂದ ನೋಡಿದರೆ ಯಾವಾಗಲೂ ಕಾಣುವುದು ಜನರ ಹಿಂದಲೆ. ಆ ದಿನ ಕೆರೆಯ ದೃಶ್ಯ ಬಂದಾಗ ಬಾಲ್ಕನಿಯ ನಡುವಿನ ಸಾಲಿನಲ್ಲಿ ಒಂದು ತಲೆ ನಿಧಾನವಾಗಿ ಹಿಂದಕ್ಕೆ ತಿರುಗಿತು. ಬೆನ್ನ ಹಿಂದೆ ಪರದೆಯ ಬೆಳಕು, ಹಾಗಾಗಿ ಮುಖವಿರುವ ಜಾಗದಲ್ಲಿ ಬರೀ ಕಪ್ಪು. ಕನ್ನಡಕದ ಎರಡು ಗಾಜು ಮಾತ್ರ ಅವನ ಕಿಂಡಿಯನ್ನೇ ನೋಡುತ್ತಿದ್ದವು. ಪರದೆ ಬೆಳ್ಳಗಾಗುವವರೆಗೂ ಅವು ಅಲುಗಲಿಲ್ಲ.

ಸೋಮವಾರವೂ ಹಾಗೆಯೇ. ಮಂಗಳವಾರವೂ ಹಾಗೆಯೇ. ಅದೇ ದೃಶ್ಯ, ಅದೇ ಕ್ಷಣ.

“ಅಣ್ಣಾ, ಅಲ್ಲೊಬ್ಬಾಕಿ ನನ್ನೇ ನೋಡ್ತಾಳ,” ಎಂದ ಅಮರೇಶ.

“ನಿನ್ನ ಮುಖಾನ ಕತ್ತಲಲ್ಲಿ ನೋಡೋಕೆ ಯಾರ್ ಬರ್ತಾರೋ? ಮೋಹಿನಿನೇ ಇರ್ಬೇಕು. ಕಾಲು ನೋಡಿದ್ಯಾ, ಹಿಂದೆ ಮುಂದೆ?” ಎಂದು ನಕ್ಕ ಉಗ್ರಪ್ಪ. ಕಿಂಡಿಗೆ ಕಣ್ಣಿಟ್ಟು ನೋಡಿದವನು ನಗು ನಿಲ್ಲಿಸಿದ. “ನೋಡಕ್ಕೆ ಹೋಗ್ಬೇಡ ಮಗಾ,” ಎಂದು ಬೀಡಿ ಸೇದಲು ಹೊರಟುಹೋದ.

ಬುಧವಾರ ಕೆರೆಯ ದೃಶ್ಯದಲ್ಲಿ ಫಿಲ್ಮ್ ಕಿತ್ತುಹೋಯಿತು. ಅಂಟಿಸಿ ಆಟ ಮುಗಿಸಿ ಅಮರೇಶ ಕೆಳಗಿಳಿದರೆ ಕ್ಯಾಬಿನ್ನಿನ ಮೆಟ್ಟಿಲ ಬುಡದಲ್ಲಿ ಅವಳು ನಿಂತಿದ್ದಳು. ತೆಳ್ಳಗಿನ ಹುಡುಗಿ, ಇಪ್ಪತ್ತನಾಲ್ಕು ಇಪ್ಪತ್ತೈದು ಇರಬಹುದು. ಬಗಲಲ್ಲಿ ಬ್ಯಾಗು, ಕೈಯಲ್ಲಿ ಟಿಫಿನ್ ಡಬ್ಬ. ಅವನು ಮೊದಲು ಅವಳ ಕಾಲು ನೋಡಿದ. ಅವಳಿಗೆ ಅದು ಅರ್ಥವಾಯಿತು.

“ಮುಂದಕ್ಕೇ ಇವೆ,” ಎಂದಳು. “ನೆನ್ನೆವರೆಗೂ ಅವಳು ನೀರಿಗೆ ಇಳಿಯೋಕ್ ಮುಂಚೆ ಮೂರು ಸಲ ಉಸಿರು ತಗೋತಿದ್ಲು. ಇವತ್ತು ಎರಡೇ. ಇನ್ನೊಂದು ಎಲ್ಲಿ ಹೋಯ್ತು?”

ಅಮರೇಶನ ತೋಳಿನ ಕೂದಲು ನಿಂತವು. ಅಂಟಿಸುವಾಗ ಹಾಳಾದ ತುದಿಯನ್ನು ಅವನು ಕತ್ತರಿಸಿ ಬಿಸಾಕಿದ್ದ, ಒಂದೂವರೆ ಅಡಿ. ಅದು ಒಂದು ಸೆಕೆಂಡು.

“ನೀವು ಆ ಸೀನ್ ನೋಡೂದಿಲ್ಲಲ್ರಿ. ಈ ಕಡೆ ತಿರುಗಿರ್ತೀರಿ.”

“ಕೇಳಿಸುತ್ತಲ್ಲ. ಅವಳು ಮುಳುಗೋದನ್ನ ನೋಡಕ್ಕಾಗಲ್ಲ, ಬೆಳಕು ಬರೋ ಕಡೆ ನೋಡ್ತೀನಿ.” ಡಬ್ಬ ಇನ್ನೊಂದು ಕೈಗೆ ಬದಲಿಸಿ ಕೇಳಿದಳು, “ನೀವೂ ನನ್ನ ನೋಡ್ತಿದ್ರಾ?”

“ಮೆಷಿನ್ ನೋಡ್ತಿದ್ನಿರಿ.”

“ಮೆಷಿನ್ನಿಗೆ ಕಿವಿ ಕೆಂಪಾಗಲ್ಲ ಕಣ್ರೀ.”

ಅವಳ ಹೆಸರು ರಂಜಿನಿ. ಮನೆ ಬಸವೇಶ್ವರನಗರ. ಅಲ್ಲೇ ಒಂದು ನರ್ಸರಿ ಸ್ಕೂಲಿನಲ್ಲಿ ಟೀಚರ್ ಆಗಿದ್ದಳು. ಕೆಲಸ ಬಿಟ್ಟು ತಿಂಗಳಾಗಿದ್ದರೂ ಮನೆಯಲ್ಲಿ ಹೇಳಿರಲಿಲ್ಲ. ಬೆಳಿಗ್ಗೆ ಡಬ್ಬ ಹಿಡಿದು ಹೊರಟು ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದು ಮ್ಯಾಟಿನಿಗೆ ಬರುತ್ತಿದ್ದಳು. ಅಮರೇಶ ಕ್ಯಾಂಟೀನಿನಿಂದ ಟೀ ತಂದುಕೊಟ್ಟ. ಅವಳು ಡಬ್ಬ ತೆರೆದು ಚಿತ್ರಾನ್ನ ಮುಂದಿಟ್ಟಳು. ಅವಳು ತಿನ್ನಲಿಲ್ಲ. ಅವನು ತಿಂದ. ಮರುದಿನವೂ ಹಾಗೆಯೇ ಆಯಿತು. ಅದರ ಮರುದಿನ ಅವನು ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕಿದ.

“ಆ ಪಿಚ್ಚರಿನ ಕಥಿ ಏನ್ರಿ?” ಎಂದು ಒಂದು ದಿನ ಕೇಳಿದ.

“ದಿನಾ ನಾಲ್ಕು ಸಲ ಹಾಕ್ತೀರ, ಗೊತ್ತಿಲ್ವಾ?”

“ಫೋಕಸ್ ಗೊತ್ತೈತ್ರಿ. ಹಿಂದಿ ಗೊತ್ತಿಲ್ಲ.”

ಅವಳು ನಕ್ಕಳು. ಆ ನಗು ಮುಖದ ಮೇಲೆ ಜಾಸ್ತಿ ಹೊತ್ತು ಉಳಿಯಲಿಲ್ಲ. “ಒಬ್ಬ ಹುಡುಗಿ. ಅವಳಿಗೆ ನಿದ್ದೆ ಬರಲ್ಲ. ಯಾವುದೂ ಬೇಡ ಅನ್ಸುತ್ತೆ. ಡಾಕ್ಟರ್ ಹತ್ರ ಹೋಗ್ತಾಳೆ. ಆ ಡಾಕ್ಟರಮ್ಮ ಬದುಕು, ಬದುಕು ಅಂತ ಇಡೀ ಸಿನಿಮಾ ಹೇಳ್ತಾರೆ. ಕೊನೆಗೆ ಸೋತುಹೋಗ್ತಾರೆ. ಹುಡುಗಿ ನೀರಿಗೆ ಹೋಗಿಬಿಡ್ತಾಳೆ.” ಲೋಟ ಕೆಳಗಿಟ್ಟಳು. “ಸುಳ್ಳು ಹೇಳದ ಸಿನಿಮಾ ಇದೊಂದೇ. ನನಗೂ ಮಾತ್ರೆ ಕೊಟ್ಟಿದಾರೆ. ದಿನಾ ಒಂದೊಂದು ದಾಸವಾಳದ ಕುಂಡಕ್ಕೆ ಹಾಕ್ತೀನಿ. ಗಿಡ ಬಹಳ ಖುಷಿಯಾಗಿದೆ.”

ಅಮರೇಶ ಕೈಯಲ್ಲಿದ್ದ ತುತ್ತನ್ನು ಡಬ್ಬಕ್ಕೆ ವಾಪಸ್ ಹಾಕಿದ. ಆ ಅಡುಗೆಮನೆ ಹಳೆಯ ನೆನಪಲ್ಲ. ಅಲ್ಲಿ ಆ ಹುಡುಗಿಯ ಕೂದಲು ಒದ್ದೆಯಾಗಿತ್ತು.

ಅವನು ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಸಿಟ್ಟಾಗಿ ನಾಳೆಯಿಂದ ಬರುವುದಿಲ್ಲ ಎಂದುಕೊಂಡ. ಈ ಸ್ವಾರ್ಥಕ್ಕೆ ಬೇರೆ ಹೆಸರು ಕೊಡುವುದು ಬೇಡ. ಐದು ದಿನ ಅವನು ಅವಳ ಕನ್ನಡಕದ ಗಾಜುಗಳನ್ನು ಕಿಂಡಿಯಿಂದ ನೋಡುತ್ತಾ ಕೂತ. ಕತ್ತರಿಸಿದ ತುಂಡಿನ ಡಬ್ಬ ಪಕ್ಕದಲ್ಲೇ ಇತ್ತು.

ಬುಧವಾರ ಅವಳು ಕೇಳಿದಳು, “ನಾಳೆ ಕೊನೆ ಅಲ್ವಾ ಇದು?”

“ಹೌದ್ರಿ. ಶುಕ್ರವಾರ ಬ್ಯಾರೆ ಪಿಚ್ಚರ್.”

“ಸರಿ. ಹಾಗಾದ್ರೆ ನನ್ನದೂ ನಾಳೆಗೆ ಕೊನೆ.”

“ಎಲ್ಲಿಗ್ ಹೋಗ್ತೀರಿ?”

ಅವಳು ಮನೆಯವರ ಕಣ್ಣಿಗೆಂದು ಇನ್ನೂ ಹಾಕಿಕೊಳ್ಳುತ್ತಿದ್ದ ಸ್ಕೂಲಿನ ಐಡಿ ಕಾರ್ಡಿನ ದಾರವನ್ನು ಕತ್ತಿನಿಂದ ತೆಗೆದು, ಅಚ್ಚುಕಟ್ಟಾಗಿ ಸುತ್ತಿ, ಬ್ಯಾಗಿನೊಳಗೆ ಹಾಕಿದಳು. ಊರಿಗೆ ಹೊರಟವರು ಮನೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುವ ಹಾಗೆ.

ಗುರುವಾರ ಮ್ಯಾಟಿನಿ ಮುಗಿಯಿತು. ದೀಪ ಹತ್ತಿತು. ಜನ ಎದ್ದು ಹೋದರು. ರಂಜಿನಿ ಕೊನೆಯವಳಾಗಿ ಬಾಗಿಲ ಕಡೆ ನಡೆದಳು. ಅಮರೇಶ ಕ್ಯಾಬಿನ್ನಿನ ಚಿಲಕ ಹಾಕಿದ. ದೀಪ ಆರಿಸಿ ಕಿಂಡಿಗೆ ಬಾಯಿಟ್ಟು ಕೂಗಿದ:

“ರಂಜಿನಿಯವರ, ಕುಂದರ್ರಿ. ಇನ್ನೂ ಐತಿ.”

ಡಬ್ಬದ ತುಂಡನ್ನು ಅವನು ಆಗಲೇ ಎರಡನೆಯ ಮೆಷಿನ್ನಿಗೆ ಏರಿಸಿದ್ದ. ಖಾಲಿ ಹಾಲಿನಲ್ಲಿ ಅಡುಗೆಮನೆ ಕಂಡಿತು. ಒದ್ದೆ ಕೂದಲಿನ ಹುಡುಗಿ ಟೀ ಲೋಟ ಹಿಡಿದು ನಡುಗುತ್ತಿದ್ದಳು. ಎರಡು ಗಾಜು ಕಿಂಡಿಯ ಕಡೆ ತಿರುಗಿ ಸ್ವಲ್ಪ ಹೊತ್ತು ನಿಂತವು. ಮತ್ತೆ ಪರದೆಯ ಕಡೆ ತಿರುಗಿದವು. ಅವನಿಗೆ ಈಗ ಕಂಡದ್ದು ಅವಳ ಜಡೆ ಮಾತ್ರ.

“ಲೇಯ್, ತೆಗಿಯೋ ಬಾಗಿಲು,” ಹೊರಗೆ ಉಗ್ರಪ್ಪ ಬಡಿಯುತ್ತಿದ್ದ. “ಕೆಳಗೆ ಜನ ಕಾಯ್ತಾವ್ರೆ. ಯಾರಪ್ಪಂದು ಅಂತ ಓಡಿಸ್ತಿದೀಯ?”

ಅಮರೇಶ ತೆಗೆಯಲಿಲ್ಲ. ಪರದೆಯ ಮೇಲಿನ ಹುಡುಗಿ ಡಾಕ್ಟರಮ್ಮನಿಗೆ ಏನೋ ಹೇಳಿದಳು. ಖಾಲಿ ಹಾಲಿನಿಂದ ಒಂದು ಸದ್ದು ಬಂತು. ಅಳು ಎಂದುಕೊಂಡ. ಮತ್ತೆ ಕಿವಿಗೊಟ್ಟ. ನಗು. ಆಮೇಲೆ ಎರಡೂ.

ಹನ್ನೊಂದು ನಿಮಿಷ ಮುಗಿದು ಅವನು ಚಿಲಕ ತೆಗೆದಾಗ ಅವಳು ಉಗ್ರಪ್ಪನನ್ನು ದಾಟಿಕೊಂಡು ಮೆಟ್ಟಿಲ ಮೇಲೆ ಬಂದಿದ್ದಳು. ಕನ್ನಡಕ ಕೈಯಲ್ಲಿತ್ತು. ಬರಿಗಣ್ಣನ್ನು ಅವನು ನೋಡಿದ್ದು ಅದೇ ಮೊದಲು.

“ಇದನ್ನ ಇಷ್ಟು ದಿನ ನಿಮ್ಮ ಹತ್ರಾನೇ ಇಟ್ಕೊಂಡಿದ್ರಾ?”

“ಮೊದ್ಲು ತಿಳೀಲಿಲ್ರಿ. ತಿಳಿದ ಮ್ಯಾಲೂ ಹೇಳ್ಲಿಲ್ಲ. ನೀವು ಬರೂದು ನಿಂತ್ರ ಅಂತ...”

“ಅಂತ?”

“ನಾ ಹೆಂಗಿರ್ಲಿ ಅಂತ್ರಿ.”

ಅವಳು ಅವನ ಕೆನ್ನೆಗೆ ಹೊಡೆದಳು, ಜೋರಾಗಿಯೇ. ಹೊಡೆದ ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಅದು ಐಸಿನಂತೆ ತಣ್ಣಗಿತ್ತು. ಅವನು ಅದರ ಮೇಲೆ ತನ್ನ ಕೈಯಿಟ್ಟ. ಉಗ್ರಪ್ಪ ಏನೋ ಬೈಯಲು ಹೋಗಿ ಗೋಡೆಯ ಕಡೆ ತಿರುಗಿ ನಿಂತ.

“ಅವಳು ಏನಂದ್ಲು ಗೊತ್ತಾ ಕೊನೇಲಿ?” ಎಂದಳು ರಂಜಿನಿ.

“ಇಲ್ರಿ.”

“ಹೇಳ್ತೀನಿ. ಇವತ್ತಲ್ಲ, ನಾಳೆ. ಹನ್ನೊಂದು ಗಂಟೆಗೆ ಡಾಕ್ಟರ್ ಹತ್ರ ಹೋಗ್ಬೇಕು. ನೀವೂ ಬರ್ತೀರ ಜೊತೆಗೆ.”

ಸಂಜೆಯ ಆಟ ಇಪ್ಪತ್ತು ನಿಮಿಷ ತಡವಾಯಿತು. ಅದನ್ನೂ ಅದರ ಮುಂದಿನ ಆಟವನ್ನೂ ಕೊನೆಯ ತುಂಡಿಲ್ಲದೆಯೇ ಓಡಿಸಿದರು. ಮ್ಯಾನೇಜರ್ ಅಮರೇಶನನ್ನು ಆವತ್ತೇ ಕೆಲಸದಿಂದ ತೆಗೆದ. ಹದಿನಾಲ್ಕು ದಿನದಲ್ಲಿ ಐವತ್ತಾರು ಆಟ ನಡೆದಿತ್ತು. ಗೇಟಿನಲ್ಲಿ ಹರಿದ ಟಿಕೆಟ್ಟು ಮೂರು ಸಾವಿರದ ಎಂಟುನೂರ ಇಪ್ಪತ್ತೊಂಬತ್ತು. ಹನ್ನೆರಡು ರಂಜಿನಿಯವು. ಮಿಕ್ಕ ಮೂರು ಸಾವಿರದ ಎಂಟುನೂರ ಹದಿನೇಳು ಟಿಕೆಟ್ಟಿನವರು ಆ ಹುಡುಗಿ ಸತ್ತಳು ಎಂದುಕೊಂಡು ಮನೆಗೆ ಹೋದರು.