ಅಗ್ಗಿಷ್ಟಿಕೆಯ ಮೇಲಿನ ಸೀಸೆ

ಆ ಮಧ್ಯಾಹ್ನ ಹಲ್ಲಿನ ಡಾಕ್ಟರ ಬಳಿ ಬಂದ ನರ್ಸಮ್ಮನ ಹಲ್ಲಿಗೆ ಏನೂ ಆಗಿರಲಿಲ್ಲ. ಆದರೂ ಅವು ಕಟಕಟ ಎನ್ನುತ್ತಿದ್ದವು. ಅವಳಿಗೆ ಬೇಕಾಗಿದ್ದು ಡಾಕ್ಟರಲ್ಲ, ಡಾಕ್ಟರ ಅತ್ತೆ. ವಿಮಾ ಕಂಪನಿಯಲ್ಲಿದ್ದಾಗ ಸುಳ್ಳು ಬೆಂಕಿ, ಸುಳ್ಳು ಕಳ್ಳತನಗಳ ಬೆನ್ನು ಹತ್ತಿ ಹಿಡಿದುಕೊಟ್ಟಿದ್ದ ಅತ್ತೆಮ್ಮನಿಗೆ ನಿವೃತ್ತಿಯಾದ ಮೇಲೂ ಸುಮ್ಮನೆ ಕೂರುವ ಜಾಯಮಾನವಿರಲಿಲ್ಲ. ಎಲ್ಲಿಗೆ ಹೊರಟರೂ ಪುಕ್ಕಲು ಅಳಿಯ ಜೊತೆಗಿರಲೇಬೇಕು. ಹೆದರುವವರ ಕಣ್ಣು ಚುರುಕು ಎಂದು ಆಕೆಯ ವಾದ. ಇದು ಹೊಗಳಿಕೆಯೋ ಬೈಗುಳವೋ, ಪಾಪ, ಡಾಕ್ಟರಿಗೆ ಇನ್ನೂ ಬಗೆಹರಿದಿರಲಿಲ್ಲ.

ನರ್ಸಮ್ಮ ಹಿಂದಿನ ಬೀದಿಯ ಹೆಡ್‌ಮೇಡಂ ಅವರನ್ನು ನೋಡಿಕೊಳ್ಳುವವಳು. ಶಾಲೆ ಬಿಟ್ಟು ವರ್ಷಗಳಾದರೂ ಊರಿಗೆಲ್ಲ ಅವರು ಹೆಡ್‌ಮೇಡಮ್ಮೇ. ಮೊನ್ನೆ ಸಂಜೆ ಅವರು ಟಿ.ವಿ. ಮುಂದಿನ ಕುರ್ಚಿಯಲ್ಲೇ ಎಚ್ಚರ ತಪ್ಪಿದ್ದರು. ಹೃದಯದ ಹನಿಮದ್ದು ಹೊಟ್ಟೆಗೆ ವಿಪರೀತ ಹೋಗಿದೆ ಎಂದರು ಆಸ್ಪತ್ರೆಯವರು. ಖಾಲಿ ಸೀಸೆ ಸಿಕ್ಕಿದ್ದು ನರ್ಸಮ್ಮನ ಚೀಲದಲ್ಲಿ. ಅದು ಅಲ್ಲಿಗೆ ಹೇಗೆ ಬಂತೋ ಅವಳಿಗೆ ಗೊತ್ತಿಲ್ಲ. ಮೇಲಾಗಿ ಮೇಡಂ ಅವರ ಮಗ ಇನ್‌ಸ್ಪೆಕ್ಟರ ಮುಂದೆ ಹೇಳಿಕೆ ಕೊಟ್ಟಿದ್ದ. ಸಂಜೆ ಬಾಗಿಲಿನಿಂದ ಇಣುಕಿದಾಗ ಅಮ್ಮ ಧಾರಾವಾಹಿ ನೋಡುತ್ತಿದ್ದರು, ಸೀಸೆ ಅಗ್ಗಿಷ್ಟಿಕೆಯ ಹಲಗೆಯ ಮೇಲೆ ತುಂಬಿದಂತೇ ಇತ್ತು, ಆಮೇಲೆ ಟೀ ಫ್ಲಾಸ್ಕ್ ಹಿಡಿದು ಒಳಗೆ ಹೋದವಳು ನರ್ಸು ಒಬ್ಬಳೇ ಎಂದು. ಮೇಡಂ ಬದುಕಿಕೊಂಡಿದ್ದರು. ಆದರೆ ಏನೂ ನೆನಪಿಲ್ಲ ಎನ್ನುತ್ತಿದ್ದರು.

"ಜೈಲಿಗೆ ಹಾಕ್ತಾರೆ ಅಂತ ಭಯ ಇದೆ ಅತ್ತೆಮ್ಮ, ಇಲ್ಲ ಅನ್ನಲ್ಲ" ಎಂದಳು ನರ್ಸಮ್ಮ. "ಆದ್ರೆ ಮೇಡಂ ಇವತ್ತು ಸಂಜೆ ಅದೇ ಮನೆಗೆ, ಅದೇ ಕುರ್ಚಿಗೆ ಬರ್ತಾರೆ. ನನ್ನ ಕರ್ಕೊಂಡು ಹೋದ್ರೆ ಅವರಿಗೆ ಟೀ ಕೊಡೋರು ಯಾರು?"

ಅತ್ತೆ ಚಪ್ಪಲಿ ಮೆಟ್ಟಿ, ನರ್ಸಮ್ಮನಿಂದ ಅಂದಿನದೆಲ್ಲ ಕೇಳಿಕೊಳ್ಳುತ್ತಾ ಅವಳ ಜೊತೆ ಹೊರಟರು. ಡಾಕ್ಟರು ಕ್ಲಿನಿಕ್ಕಿಗೆ ಬೀಗ ಹಾಕಿ ಹಿಂದೆಯೇ ನಡೆದರು.

ಆ ಮನೆಯ ಅಂಗಳದಲ್ಲಿ ಮಗನ ಕಾರು ಬಟ್ಟೆ ಹೊದ್ದು ನಿಂತಿತ್ತು. ಗಾಳಿಗೆ ಬಟ್ಟೆ ಎದ್ದಾಗ ಡಾಕ್ಟರು ನೋಡಿದರು: ಮುಂದಿನ ಒಂದು ದೀಪ ಹಳದಿಗಟ್ಟಿದೆ, ಇನ್ನೊಂದು ಹೊಸದಾಗಿ ಕಟ್ಟಿಸಿದ ಹಲ್ಲಿನಂತೆ ಹೊಳೆಯುತ್ತಿದೆ. ಹೇಳಿದರೆ ಅತ್ತೆ "ಹ್ಞೂಂ" ಎಂದು ಮುಂದೆ ನಡೆದರು.

ನಡುಮನೆಯನ್ನು ಅಲಂಕರಿಸಿದವಳು ಮೇಡಂ ಅವರ ಮಗಳು. ಕಟ್ಟಿಗೆ ಉರಿಸುವುದನ್ನು ಬಿಟ್ಟಿದ್ದ ಅಗ್ಗಿಷ್ಟಿಕೆಯ ಗೂಡಿನಲ್ಲಿ ದಪ್ಪ ಬಿಳಿ ಮೇಣದಬತ್ತಿಗಳಿದ್ದವು. ಮೇಲಿನ ಹಲಗೆಯ ಎರಡು ತುದಿಗೆ ಹಿತ್ತಾಳೆಯ ಹೂಜಿ, ನಡುವೆ ಫೋಟೋಗಳು, ಮದ್ದಿಡುವ ಜಾಗ. ಅದರ ಮೇಲೆ, ಗೋಡೆಗೆ ಅಂಟಿದಂತೆ ದೊಡ್ಡ ಟಿ.ವಿ. ಅತ್ತೆ ಮೇಡಂ ಕುರ್ಚಿಯಲ್ಲಿ ಕೂತು ತಲೆಯೆತ್ತಿ ನೋಡಿದರು, ಮರುಗಳಿಗೆಗೆ ಕುತ್ತಿಗೆ ಉಜ್ಜಿಕೊಂಡರು. ಇಷ್ಟು ಎತ್ತರದ್ದನ್ನು ವಯಸ್ಸಾದವರು ಹೇಗೆ ನೋಡುತ್ತಾರೆಂದು ಕೇಳಿದರು.

ಮಗಳು ಮುಖ ಸಣ್ಣಗೆ ಮಾಡಿಕೊಂಡು ಟಿ.ವಿ.ಯ ಅಡಿಯ ಹಿಡಿ ಹಿಡಿದು ಎಳೆದಳು. ಗೋಡೆಯಿಂದ ಕಬ್ಬಿಣದ ತೋಳು ಚಾಚಿ ಟಿ.ವಿ. ಮುಂದಕ್ಕೆ ಬಂದು, ಮೆಲ್ಲಗೆ ಕುರ್ಚಿಯ ಮಟ್ಟಕ್ಕೆ ಇಳಿಯಿತು. ತಾನು ಎಷ್ಟು ಚೆಂದ ಜೋಡಿಸಿಟ್ಟರೂ ಅಮ್ಮನಿಗೆ ಒಗ್ಗುವುದಿಲ್ಲ, ಕತ್ತು ನೋವೆಂದು ದಿನಾ ಹೀಗೆ ಇಳಿಸಿಯೇ ನೋಡುವುದು ಎಂದು ದೂರಿದಳು. ಹೋದ ತಿಂಗಳಷ್ಟೇ ಕೂರಿಸಿದ್ದಂತೆ. ತಮ್ಮ ಬಂದದ್ದು ಮೊನ್ನೆ ಬೆಳಿಗ್ಗೆ, ವರ್ಷದ ಮೇಲೆ. ಅತ್ತೆ ತಾವೇ ಟಿ.ವಿ.ಯನ್ನು ಮೇಲಕ್ಕೆ ತಳ್ಳಿ, ಇನ್‌ಸ್ಪೆಕ್ಟರಿಗೆ ಫೋನು ಮಾಡಿಸಿದರು.

ಅಷ್ಟರಲ್ಲಿ ಮಗ ಅಡುಗೆಮನೆಯಿಂದ ನಗುತ್ತಾ ಟೀ ತಂದ. ಒಳ್ಳೆಯ ಮಾತಿನ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ದಾಕ್ಷಿಣ್ಯಕ್ಕೆ ಡಾಕ್ಟರು ಒಂದು ಗುಟುಕು ಕುಡಿದರು. ಹಲ್ಲು ಜುಮ್ಮೆನ್ನುವಷ್ಟು ಸಿಹಿ. ಆಗ ಅತ್ತೆಯ ಲೋಟ ನೋಡಿದರು. ಅವರು ಅದನ್ನು ಮುಟ್ಟಿರಲಿಲ್ಲ. ಡಾಕ್ಟರು ಲೋಟ ಕೆಳಗಿಟ್ಟರು. ಎದೆಬಡಿತ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ನಾಡಿ ಹಿಡಿದುಕೊಂಡು ಕೂತರು. ಮಗ ಎದುರಿಗೇ ನಿಂತು ಕಣ್ಣು ಕೀಳದೆ ನೋಡುತ್ತಿದ್ದ.

ಇನ್‌ಸ್ಪೆಕ್ಟರು ಬಂದ ಮೇಲೆ ಅತ್ತೆ ಎಲ್ಲರನ್ನೂ ಅಲ್ಲೇ ಕೂರಿಸಿದರು. ಮಗನನ್ನು ಬಾಗಿಲಲ್ಲಿ ನಿಲ್ಲಿಸಿ, ಅಂದು ಕಂಡದ್ದನ್ನು ಇನ್ನೊಮ್ಮೆ ಹೇಳಲು ಕೇಳಿಕೊಂಡರು.

"ಟಿ.ವಿ. ಓಡ್ತಿತ್ತು. ಅಮ್ಮ ನೋಡ್ತಿದ್ರು. ಟಿ.ವಿ. ಕೆಳಗೆ, ಆ ಫೋಟೋ ಪಕ್ಕ ಸೀಸೆ ಇತ್ತು. ಕಣ್ಣಾರೆ ನೋಡಿದೀನಿ."

"ಅಲ್ಲೇ ನಿಂತಿರಪ್ಪ" ಎಂದು ಅತ್ತೆ ಎದ್ದು ಹಿಡಿ ಎಳೆದರು.

ಟಿ.ವಿ. ಇಳಿಯಿತು. ಹೂಜಿಗಳು ಮರೆಯಾದವು, ಫೋಟೋಗಳು ಮರೆಯಾದವು, ಹಲಗೆಯೇ ಮರೆಯಾಯಿತು.

ಅತ್ತೆ ಬಿಡಿಸಿ ಹೇಳಿದರು. ಟಿ.ವಿ. ಓಡುವಾಗ ಹಲಗೆಯ ಮೇಲಿನದು ಬಾಗಿಲಿಗೆ ಕಾಣುವುದೇ ಇಲ್ಲ. ಅದು ಮಗನಿಗೆ ತಿಳಿಯದು, ಯಾಕೆಂದರೆ ಬೆಳಿಗ್ಗೆ ಅವನು ಸೀಸೆ ಎತ್ತಿಕೊಂಡಾಗ ಟಿ.ವಿ. ಮೇಲಿತ್ತು. ಎಚ್ಚರ ತಪ್ಪಿದವರನ್ನು ಎತ್ತುವಾಗ ಅಡ್ಡವಾಗುತ್ತದೆಂದು ನರ್ಸಮ್ಮ ಮತ್ತೆ ಮೇಲೆ ತಳ್ಳಿದ್ದಳು, ಅವನು ಓಡಿಬಂದು ಕಂಡದ್ದೂ ಅದನ್ನೇ. ನಡುವೆ ಬಾಗಿಲಿಗೆ ಅವನು ಬಂದೇ ಇಲ್ಲ. ನರ್ಸಮ್ಮ ಟೀ ಕಾಸಿ ಫ್ಲಾಸ್ಕಿಗೆ ತುಂಬಿ, ಬಟ್ಟೆ ತರಲು ಮಹಡಿಗೆ ಹೋದಾಗ ಅದಕ್ಕೆ ಮದ್ದು ಸುರಿದ, ಕಹಿ ಮುಚ್ಚಲು ಸಕ್ಕರೆ ಸುರಿದ, ಖಾಲಿ ಸೀಸೆಯನ್ನು ಅವಳ ಚೀಲಕ್ಕೆ ತುರುಕಿದ. ಸಂಜೆಯವರೆಗೂ ಸೀಸೆ ತುಂಬಿತ್ತು ಎಂದರೆ ತಪ್ಪು ಅವಳ ತಲೆಗೆ ಬರುತ್ತದೆ. ಮಗಳೂ ನರ್ಸಮ್ಮನೂ ಈ ತೋಳನ್ನು ದಿನಾ ಕಂಡವರು, ಇಂಥ ಸುಳ್ಳು ಅವರ ಬಾಯಲ್ಲಿ ಹುಟ್ಟುವುದಿಲ್ಲ.

ಹೆತ್ತ ತಾಯಿಗೆ ಯಾರಾದರೂ ಹೀಗೆ ಮಾಡುತ್ತಾರೆಯೇ ಎಂದು ಮಗ ನಗಲು ನೋಡಿದ. ಹಾಗಾದರೆ ಕಾರಿನ ಒಂದೇ ದೀಪ ಯಾಕೆ ಹೊಸದು ಎಂದು ಅತ್ತೆ ಕೇಳಿದರು. ಅವನ ನಗು ಬತ್ತಿತು.

"ಸೈಕಲ್ಲಿನವನಿಗೆ ಗುದ್ದಿ ಓಡಿಬಂದಿದಾನೆ" ಎಂದಿತು ಅವನ ಹಿಂದಿನಿಂದ ಒಂದು ದನಿ.

ಹೆಡ್‌ಮೇಡಂ ಆಸ್ಪತ್ರೆಯ ಹುಡುಗಿಯ ತೋಳು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಯಾವಾಗ ಬಂದರೋ. ಮಗನ ಕಡೆ ನೋಡಲಿಲ್ಲ. ಬಂದ ದಿನವೇ ತಾಯಿಯ ಮುಂದೆ ಅತ್ತಿದ್ದನಂತೆ. ನೀನೇ ಪೊಲೀಸಿಗೆ ಹೇಳು, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದಿದ್ದರಂತೆ ತಾಯಿ.

ಇನ್‌ಸ್ಪೆಕ್ಟರು ಅವನ ಭುಜ ಹಿಡಿದು ಹೊರಗೆ ನಡೆಸಿದರು. ಮೇಡಂ ಕುರ್ಚಿಯಲ್ಲಿ ಕೂತು ನರ್ಸಮ್ಮನ ಕೈ ಹಿಡಿದುಕೊಂಡರು.

"ನಿನ್ನ ಮೇಲೆ ಬಂತು ಅಂತ ನಂಗೆ ಯಾರೂ ಹೇಳ್ಲಿಲ್ಲ ಮಗು. ಹೇಳಿದ್ರೆ ನೆನಪಿಲ್ಲ ಅಂದ್ಕೊಂಡು ಸುಮ್ನಿರ್ತಿರ್ಲಿಲ್ಲ." ಸ್ವಲ್ಪ ತಡೆದು ಅತ್ತೆಯ ಕಡೆ ತಿರುಗಿದರು. "ಮೊದಲ ಗುಟುಕಿಗೇ ಗೊತ್ತಾಯ್ತು, ಇವನ ಕೈದು ಅಂತ. ಚಿಕ್ಕಂದಿನಿಂದ ಹೀಗೇ ಸಕ್ಕರೆ ಸುರೀತಾನೆ. ಒಳಗೆ ಕಹಿನೂ ಇತ್ತು. ತಪ್ಪಾಯ್ತು ಅನ್ನೋಕೆ ಬಾಯಿ ಬರದೆ ಟೀ ಮಾಡಿಟ್ಟಿದಾನೆ ಅಂದ್ಕೊಂಡು ಪೂರ್ತಿ ಕುಡಿದೆ."

ಮಗಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ನರ್ಸಮ್ಮ ಹೊಸದಾಗಿ ಟೀ ಮಾಡಿ ತಂದಳು. ಮೇಡಂ ಲೋಟ ತುಟಿಯವರೆಗೂ ಒಯ್ದರು, ಕೆಳಗಿಟ್ಟರು. ಇನ್ನೊಮ್ಮೆ ಎತ್ತಿದರು, ಮತ್ತೆ ಇಟ್ಟರು. ನಂಬುವುದೂ ಒಂದು ಅಭ್ಯಾಸ, ಅದು ಅವರಿಗೆ ತಪ್ಪಿಹೋಗಿತ್ತು.

ಆಗ ನಮ್ಮ ಪುಕ್ಕಲು ಡಾಕ್ಟರು, ಯಾರೂ ಹೇಳದೆ, ಎದ್ದು ಬಂದರು. ಆ ಲೋಟದಿಂದ ಸಾಸರಿಗೆ ಒಂದಿಷ್ಟು ಸುರಿದುಕೊಂಡು ಎಲ್ಲರ ಮುಂದೆ ಕುಡಿದರು.

"ಸಕ್ಕರೆ ಇಲ್ಲ ಮೇಡಂ" ಎಂದರು. "ಕುಡೀರಿ."

ಮೇಡಂ ಡಾಕ್ಟರ ಮುಖವನ್ನೇ ನೋಡುತ್ತಾ ಲೋಟ ಎತ್ತಿಕೊಂಡರು.