ದನಿ ಸರಿ ಮಾಡಿಕೊಡಿ

"ಅದನ್ನ ಮುಟ್ಟಬೇಡಿ!"

ಕಸದ ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿದ್ದವಳು ಬೆಚ್ಚಿ ತಿರುಗಿದಳು.

ಬಿಳಿಚಿಕೊಂಡ ಮುಖದ ಯುವಕನೊಬ್ಬ ಏದುಸಿರು ಬಿಡುತ್ತಾ ನಿಂತಿದ್ದ. ಅವನ ಕಣ್ಣು ಅವಳ ಮೇಲಿರಲಿಲ್ಲ. ಅವಳು ಎಳೆಯುತ್ತಿದ್ದ ಹಳೆಯ ವ್ಯಾಕ್ಯೂಮ್ ಕ್ಲೀನರ್ ಮೇಲಿತ್ತು... ಕಡುಗೆಂಪು ಬಣ್ಣ, ಉರುಟು ಹೊಟ್ಟೆ, ಸೊಂಡಿಲಿನಂಥ ಪೈಪು.

"ಯಾಕ್ರೀ? ಎಸೆದಿರೋ ವಸ್ತು ತಾನೇ?"

"ಎಸೆದಿದ್ದು ನಾನೇ. ಬೆಳಿಗ್ಗೆ."

"ಮತ್ತೆ ಈಗ?"

"ಈಗ... ಬೇಕು."

ಅವಳು ವೈರಿನ ತುದಿ ನೋಡಿದಳು. ಕತ್ತರಿಸಿದ್ದಲ್ಲ. ಬುಡದಿಂದ ಕಿತ್ತದ್ದು. ಯಾರೋ ಹೆದರಿ, ಎರಡೂ ಕೈಯಲ್ಲಿ ಎಳೆದ ಹಾಗೆ!

"ಏನ್ರೀ, ಕಚ್ಚೋಕೆ ಬಂತಾ ಇದು?"

ಅವನು ನಗಲಿಲ್ಲ. ಆ ನಗದ ಮುಖ ಅವಳ ಎದೆಯೊಳಗೆ ಎಲ್ಲೋ ಸಿಕ್ಕಿಹಾಕಿಕೊಂಡಿತು.

ಬೀದಿಯವರು ಅವಳನ್ನು ಧೂಳಕ್ಕ ಎಂದೇ ಕರೆಯುತ್ತಿದ್ದರು. ಜನ ಬಿಸಾಡಿದ ಇಂಥ ಮುದಿ ಯಂತ್ರಗಳನ್ನು ಹೊತ್ತು ತಂದು ಜೀವ ಕೊಡುವುದೇ ಅವಳ ಕಸುಬು. ಅವನು ಮುಖ್ಯರಸ್ತೆಯ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವನು.

"ಬಿಡಿ, ನಾನೇ ರಿಪೇರಿ ಮಾಡಿಕೊಡ್ತೀನಿ. ವೈರ್ ಬಿಟ್ಟು ಇನ್ನೇನು ತೊಂದರೆ?"

ಅವನು ಆಚೆ ಈಚೆ ನೋಡಿದ. ಹೇಳಲೋ ಬೇಡವೋ ಎಂಬಂತೆ ತುಟಿ ಅಲುಗಿತು.

"ದನಿ... ಅದರ ದನಿ ಸರಿ ಮಾಡಿಕೊಡಿ. ಅಷ್ಟು ಸಾಕು."

ಎಲ್ಲರೂ ಸದ್ದು ಅನ್ನುತ್ತಾರೆ. ಇವನು ದನಿ ಅಂದ! ಅಯ್ಯೋ, ಆಗಲೇ ಒಂದು ಮಾತು ಕೇಳಬಾರದಿತ್ತೇ ಅವಳು...

ಅವಳ ಕೋಣೆಗೆ ಹಗಲಲ್ಲೂ ಅರೆಬೆಳಕು. ಗೋಡೆಯುದ್ದಕ್ಕೂ ಹದಿನಾಲ್ಕು ಯಂತ್ರಗಳು, ಮೇಲೆ ತೂಗುವ ಹದಿನಾಲ್ಕು ಪೈಪುಗಳು. ಗಾಳಿ ಇಲ್ಲದಿದ್ದರೂ ಅವು ಕೆಲವೊಮ್ಮೆ ಅಲುಗುತ್ತಿದ್ದವು. ಅವಳಿಗೆ ಅದು ಅಭ್ಯಾಸವಾಗಿತ್ತು.

ಕೆಂಪು ಯಂತ್ರದ ಬ್ರಷ್ಷಿಗೆ ಒಂದು ನರೆಗೂದಲು ಸುತ್ತಿಕೊಂಡಿತ್ತು. ಬಿಡಿಸತೊಡಗಿದಳು. ಮೊಳ ಬಂತು, ಎರಡು ಮೊಳ ಬಂತು... ಮುಗಿಯಲೇ ಇಲ್ಲ! ಇನ್ನೂ ತಲೆಗೆ ಹಚ್ಚಿದ ಎಣ್ಣೆಯ ವಾಸನೆ. ಕೊನೆಗೆ ಅದನ್ನೆಲ್ಲ ಸುತ್ತಿ ಒಂದು ಡಬ್ಬಿಯಲ್ಲಿಟ್ಟಳು.

ಹೊಸ ವೈರ್ ಹಾಕಿ ಸ್ವಿಚ್ ಒತ್ತಿದಳು. ಯಂತ್ರ ಗುಂಯ್ ಎಂದಿತು. ಆರಿಸಿದಳು. ಮೋಟಾರು ನಿಧಾನವಾಗುತ್ತಾ, ನಿಧಾನವಾಗುತ್ತಾ...

"ಬಂ... ದ್ಯಾ...?"

ಅವಳು ಸ್ವಿಚ್ಚಿನಿಂದ ಕೈ ಕಿತ್ತುಕೊಂಡಳು.

"ಯಾರೇ ಬಂದಿದ್ದು?" ಪಕ್ಕದ ಕೋಣೆಯಲ್ಲಿ ಹೊಲಿಯುತ್ತಿದ್ದ ಚಿಕ್ಕಮ್ಮ ಕೂಗಿದಳು.

"ಯಾರೂ ಇಲ್ಲ ಚಿಕ್ಕಮ್ಮ."

"ಮತ್ತೆ ಬಂದ್ಯಾ ಅಂತ ಯಾರನ್ನ ಕೇಳ್ದೆ? ಕಸಕ್ಕೂ ಉಪಚಾರ ಶುರು ಮಾಡಿದ್ಯಾ?"

ಚಿಕ್ಕಮ್ಮನಿಗೂ ಕೇಳಿಸಿದೆ! ಯಂತ್ರದ ಮೈಯೆಲ್ಲ ಹುಡುಕಿದಳು. ಮುಚ್ಚಳದ ರಬ್ಬರ್ ರಿಂಗಿನಲ್ಲಿ ಉಗುರಿನಷ್ಟು ಸೀಳು. ಗಾಳಿ ಅಲ್ಲಿಂದ ನುಗ್ಗಿ ಸಿಳ್ಳೆ ಹಾಕುತ್ತಿತ್ತು, ಅಷ್ಟೇ. 'ಓ... ಇದಕ್ಕೇ ಹೆದರಿದ್ದಾನೆ ಪಾಪ. ದನಿ ಸರಿ ಮಾಡಿ ಅಂದದ್ದು ಇದನ್ನೇ!'

ಹೊಸ ರಿಂಗು ಹಾಕಿದಳು. ಹಳೆಯದನ್ನು ಎಂದಿನಂತೆ ಎಂಟು ತುಂಡು ಮಾಡಿ, ಕುಂಟುವ ಯಂತ್ರಗಳ ಕಾಲಡಿಗೆ ಅಂಟಿಸಿದಳು.

ಈಗ ಆರಿಸಿದಾಗ ಯಂತ್ರ ತಣ್ಣಗೆ ನಿಂತಿತು. ಆದರೆ ಯಾರೋ ಮುನಿಸಿಕೊಂಡು ಒಳಗೆ ಹೋಗಿ ಕದ ಹಾಕಿಕೊಂಡ ಹಾಗಿತ್ತು ಕೋಣೆ...

ಮರುದಿನ ಅವನು ಬಂದ. ಅವಳು ಹೆಮ್ಮೆಯಿಂದ ಯಂತ್ರ ಹಾಕಿ, ಆರಿಸಿ ತೋರಿಸಿದಳು.

ಅವನು ಕಾದ. ಇನ್ನೂ ಕಾದ. "ಎಲ್ಲಿ?"

"ಏನು?"

"ನಮ್ಮಮ್ಮ!"

ಅವಳ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

ಅವನು ನೆಲಕ್ಕೆ ಕುಸಿದ. ಅವನು ಅಂಗಡಿಯಿಂದ ಮನೆಗೆ ಬಂದಾಗಲೆಲ್ಲ ಅಮ್ಮ ಈ ಯಂತ್ರ ಆರಿಸಿ, ಬಂದ್ಯಾ ಎಂದು ಕೇಳುತ್ತಿದ್ದಳಂತೆ. ಒಂದು ದಿನ ಜಗಳವಾಡಿ ಮನೆ ಬಿಟ್ಟವನು ವರ್ಷವಿಡೀ ತಿರುಗಿ ನೋಡಲಿಲ್ಲ. ಅಮ್ಮ ತೀರಿಹೋದ ಮೇಲೆ ಮನೆ ಗುಡಿಸಲು ಬಂದು, ಇದನ್ನು ಹಾಕಿ ಆರಿಸಿದ್ದ...

"ಹೆದರಿ ಕಿತ್ತೆಸೆದೆ. ದಾರೀಲಿ ಹೊಳೀತು, ನಾನು ಉತ್ತರಾನೇ ಕೊಡ್ಲಿಲ್ಲ! ಒಂದೇ ಒಂದ್ಸಲ ಉತ್ತರ ಕೊಡ್ಬೇಕಿತ್ತು ನಂಗೆ."

"ನೀವೇ ಸರಿ ಮಾಡಿ ಅಂದ್ರಲ್ಲ..."

"ಅಳಿಸಿಬಿಡಿ ಅನ್ಲಿಲ್ಲ ನಾನು."

ಅವನು ಎದ್ದು ಹೋದ.

ಅವಳಿಗೆ ಊಟ ಸೇರಲಿಲ್ಲ. 'ಒಬ್ಬ ತಾಯಿಯ ದನಿಯನ್ನು ಈ ಕೈಯಲ್ಲೇ ಕತ್ತರಿಸಿದೆನಲ್ಲ...' ಬೆಳಿಗ್ಗೆ ನೇರ ಕನ್ನಡಕದಂಗಡಿಗೆ ಹೋದಳು.

"ಆ ದನಿ ಹೇಗಿತ್ತು ಅಂತ ಗೊತ್ತಿರೋದು ನಿಮಗೆ ಮಾತ್ರ. ನಾನು ರಿಂಗ್ ಸೀಳ್ತೀನಿ, ನೀವು ಕೇಳಿ. ಬನ್ನಿ."

ಹೀಗೆ ಅವನು ದಿನಾ ಸಂಜೆ ಬರತೊಡಗಿದ. ಎಂಟು ತುಂಡುಗಳನ್ನು ಕಿತ್ತು ಅಂಟಿಸಿ ನೋಡಿದರು. ಬರೀ ಬುಸುಗುಟ್ಟಿತು. ಹೊಸ ರಿಂಗೊಂದನ್ನು ಬ್ಲೇಡಿನಲ್ಲಿ ಸೀಳಿದಳು. ಬೆಕ್ಕಿನಂತೆ ಕೂಗಿತು.

"ನಿಮ್ಮಮ್ಮ ಬೆಕ್ಕು ಸಾಕಿದ್ರಾ?"

ಮೊದಲ ಬಾರಿಗೆ ನಕ್ಕ! ಅವಳ ಕೆನ್ನೆ ಬಿಸಿಯಾಯಿತು.

"ರಬ್ಬರಿಗಿಂತ ಮಾತೇ ಜಾಸ್ತಿ ಸೀಳ್ತಿದೀರ," ಎಂದು ಚಿಕ್ಕಮ್ಮ ಒಳಗಿನಿಂದ ಕುಟುಕಿದಳು.

ಒಂಬತ್ತನೆಯ ರಿಂಗು ಮಾತ್ರ ಮುದುಕನೊಬ್ಬನ ದನಿಯಲ್ಲಿ ಕೆಮ್ಮಿತು. ಒಂದಲ್ಲ, ಮೂರು ಬಾರಿ. ಅದು ಯಾರೆಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ರಿಂಗನ್ನು ಹಿತ್ತಲಲ್ಲಿ ಸುಟ್ಟರು. ಹೊಗೆ ಬಾಗಿಲವರೆಗೆ ಬಂದು, ಯಾರನ್ನೋ ಹುಡುಕುವ ಹಾಗೆ ನಿಂತು, ಚದುರಿತು.

ಅವನು ಮೆಲ್ಲಗೆ ಹೇಳಿದ, "ಸಾಕು ಬಿಡಿ. ನಾಳೆಯಿಂದ ಬರಲ್ಲ."

ಎದೆಯಲ್ಲಿ ಏನೋ ಕಿತ್ತುಹೋದ ಹಾಗಾಯಿತು ಅವಳಿಗೆ. "ಅಂದ್ರೆ... ನನ್ನ ಕ್ಷಮಿಸಲ್ಲ."

ಅವನು ಚಪ್ಪಲಿ ಮೆಟ್ಟಿಕೊಳ್ಳತೊಡಗಿದ. ಅದು ಅವಳನ್ನು ಕೆರಳಿಸಿತು.

"ಒಂದು ಕೇಳ್ತೀನಿ. ನಿಮ್ಮಮ್ಮ ಬಂದ್ಯಾ ಅಂತ ಕೇಳಿ ಆಯ್ತಲ್ಲ? ನಿಮಗೂ ಕೇಳಿಸ್ತು, ನನಗೂ, ಚಿಕ್ಕಮ್ಮಂಗೂ. ಮತ್ತೆ ಮತ್ತೆ ಅವರ ಬಾಯಲ್ಲೇ ಹೇಳಿಸ್ಬೇಕಾ? ಹೇಳ್ಬೇಕಾಗಿರೋದು ನೀವು!"

ಅವನು ಅವಳನ್ನೇ ನೋಡಿದ. ಒಳಗೆ ಹೋಗಿ ಯಂತ್ರದ ಮುಂದೆ ಮಂಡಿಯೂರಿದ. ಅದರ ವೈರ್ ಗೋಡೆಯ ಪ್ಲಗ್ಗಿಗೆ ಸಿಕ್ಕಿಸದೆ ಸುರುಳಿ ಸುತ್ತಿ ಬಿದ್ದಿತ್ತು.

"ಬಂದೆ ಅಮ್ಮ," ಎಂದ. "ತುಂಬಾ... ತಡವಾಯ್ತು ಅಮ್ಮ."

ಚಿಕ್ಕಮ್ಮನ ಹೊಲಿಗೆ ಯಂತ್ರ ನಿಂತಿತು.

ಕರೆಂಟಿಲ್ಲದ ಆ ಕೆಂಪು ಯಂತ್ರದೊಳಗೆ ಧೂಳಿನ ಚೀಲ ಮೆಲ್ಲಗೆ ಉಬ್ಬಿತು. ತಲೆಯ ಮೇಲಿನ ಹದಿನಾಲ್ಕು ಪೈಪುಗಳೂ ಒಂದೇ ಕಡೆಗೆ ವಾಲಿದವು.

"ಹೂಂ..."

ಚೀಲ ಇಳಿಯಿತು. ಆಮೇಲೆ ಏನೂ ಇಲ್ಲ. ಹಳೆಯ ಕಬ್ಬಿಣ, ಹಳೆಯ ರಬ್ಬರು.

ಅವನು ತಬ್ಬಿಬ್ಬಾಗಿ ಅವಳ ಮುಂಗೈ ಹಿಡಿದ. "ನೀನು ಕೇಳಿಸ್ಕೊಂಡ್ಯಾ?"

"ಕೇಳಿಸ್ತು." ಅವಳ ಕಣ್ಣು ತುಂಬಿತ್ತು. ಒಂದು ಕ್ಷಣ ಬಿಟ್ಟು, "ಏನಂದ್ರಿ? ನೀನು ಅಂದ್ರಾ?"

"ಅಯ್ಯೋ... ಬಾಯಿ ತಪ್ಪಿ ಬಂತು."

"ನಾಳೆಯಿಂದ ಬರಲ್ಲ ಅಂದೋರಿಗೆ ಎಷ್ಟು ಸಲಿಗೆ ನೋಡು!"

"ಕೋಪದಿಂದ ಅಂದಿದ್ದಲ್ಲ," ಅವನ ದನಿ ತಗ್ಗಿತು. "ಮೂರನೇ ದಿನದಿಂದಲೇ ನಾನು ಅಮ್ಮನಿಗೋಸ್ಕರ ಬರ್ತಿರ್ಲಿಲ್ಲ. ನಿನ್ನ ನೋಡೋಕೆ ಬರ್ತಿದ್ದೆ. ಅಮ್ಮನ ನೆಪ ಹೇಳ್ಕೊಂಡು ಬರೋದು ನಾಚಿಕೆ ಅನ್ನಿಸ್ತು. ಅದಕ್ಕೇ..."

ಅವಳು ಅಳುತ್ತಲೇ ನಕ್ಕಳು.

"ಹಾಗಾದ್ರೆ ನಾಳೆ ಏನು ನೆಪ ತರ್ತೀಯ?"

"ಏನೂ ಇಲ್ಲ. ಬರಿಗೈಲಿ ಬರ್ತೀನಿ."

"ಬಾ," ಎಂದಳು ಅವಳು.