ಬಳೆ ಬಂಡಿಯ ಸದ್ದು

ಬಂಡಿ ಬಳ್ಳಾರಿಯ ಕೌಲ್ ಬಜಾರಿನ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಅದರ ಸದ್ದು ಮೈಲಾರಪ್ಪನ ಚಪ್ಪರಕ್ಕೆ ಬಂದು ತಲುಪಿತ್ತು. ಒಂದು ಗಾಲಿ ಕಿರುಗುಡುತ್ತಿತ್ತು, ಇನ್ನೊಂದು ಕಟಕಟ ಹಲ್ಲು ಕಡಿಯುತ್ತಿತ್ತು, ಅವೆರಡರ ಮೇಲೆ ರಾಶಿ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಝಲ್ಲೆನ್ನುತ್ತಿದ್ದವು. ನಡುನಡುವೆ ಯಾರೋ ನರಳುತ್ತಿದ್ದರು.

ಮೈಲಾರಪ್ಪ ಉಳಿ ಕೆಳಗಿಟ್ಟ. ದಂಡಿನ ಬಿಳಿ ದೊರೆಗಳ ಕುದುರೆ ಸಾರೋಟು ರಿಪೇರಿ ಮಾಡಿ ಕೈ ಪಳಗಿಸಿಕೊಂಡ ಬಡಗಿ ಅವನು. ಅವನ ಲೆಕ್ಕದಲ್ಲಿ ಸದ್ದು ಮಾಡುವ ಬಂಡಿ ಎಂದರೆ ಕಾಯಿಲೆ ಬಿದ್ದ ಬಂಡಿ.

ಎತ್ತುಗಳ ಮುಂದೆ ಹಗ್ಗ ಹಿಡಿದು ಒಬ್ಬಳು ಹೆಂಗಸು ನಡೆದು ಬರುತ್ತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಸೆರಗು ಸೊಂಟಕ್ಕೆ ಬಿಗಿದಿತ್ತು. ಗಾಲಿಯ ಸುತ್ತಿನ ಕಬ್ಬಿಣದ ಹಳಿ ಸಡಿಲಾಗಿದೆ, ಬಿಗಿ ಮಾಡಿಕೊಡಿ, ನಾಳೆಯೇ ಕುರುಗೋಡಿನ ದಾರಿ ಹಿಡಿಯಬೇಕು ಎಂದಳು.

ಮೈಲಾರಪ್ಪ ಅವಳನ್ನು ನೋಡಲಿಲ್ಲ, ಗಾಲಿಯನ್ನೇ ನೋಡಿದ. "ಗಾಲಿ ಒಂದಾ ಅಲ್ಲವ್ವ. ಇಡೀ ಬಂಡಿನಾ ನರಳಾಕ ಹತ್ತೈತಿ."

"ನರಳೋದು ಬಂಡಿ ಅಲ್ರಿ. ನಮ್ಮ ಮಾವ."

ಬಿದಿರು ತಟ್ಟಿಯ ಮುಚ್ಚಿಗೆಯ ಒಳಗಿನಿಂದ ಮುದುಕನ ದನಿ ಬಂತು. "ಇಬ್ಬರೂ ನರಳತೀವಪ್ಪ. ಮೊದಲು ಯಾರನ್ನ ನೋಡ್ತೀಯೋ ನೋಡು."

ಮೈಲಾರಪ್ಪ ನಾಲಿಗೆ ಕಚ್ಚಿಕೊಂಡು ತಲೆ ಎತ್ತಿದ. ಆಕೆ ನಗು ತಡೆಯಲೆಂದು ತುಟಿ ಒತ್ತಿ ಹಿಡಿದಿದ್ದಳು. ತುಟಿ ಮಾತು ಕೇಳಿತ್ತು, ಕಣ್ಣು ಕೇಳಿರಲಿಲ್ಲ. ಆ ಕಣ್ಣು ಕಂಡದ್ದೇ ತಡ, ಅವನಿಗೆ ಕೈಯಲ್ಲಿದ್ದ ಕೆಲಸ ಯಾವುದೆಂದೇ ಮರೆತುಹೋಯಿತು.

ಮುಚ್ಚಿಗೆ ಹೊದ್ದ ಆ ಕೊಲ್ಲಾರಿ ಬಂಡಿಯೇ ಅವರ ಮನೆ. ಒಳಗೆ ಬಳೆ ಜೋಡಿಸಿದ ಮರದ ಗೂಡು, ಒಂದು ಹಾಸಿಗೆ, ಒಂದು ಹಿಟ್ಟಿನ ಡಬ್ಬಿ. ಅಚ್ಚಿನ ಕೆಳಗೆ ನೇತಾಡುವ ತೊಟ್ಟಿಯಲ್ಲಿ ಎತ್ತುಗಳಿಗೆ ನೀರು. ಮುದುಕ ಕೊಟ್ಟೂರಪ್ಪ ಬಳ್ಳಾರಿಯಿಂದ ಸಿರುಗುಪ್ಪದವರೆಗೆ ಊರೂರಿನ ಹೆಣ್ಣುಮಕ್ಕಳಿಗೆ ಬಳೆ ತೊಡಿಸುತ್ತ ತಲೆ ನೆರೆಸಿಕೊಂಡವನು. ಆಕೆ ಸೊಸೆ, ವಿರೂಪಮ್ಮ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿನವರು ಕರೆಯಲು ಬಂದಿದ್ದರಂತೆ. ಮುದುಕನೊಬ್ಬನೇ ಎತ್ತು ಹೂಡಲಾರ ಎಂದು ಹೇಳಿ ಅವರನ್ನು ಊಟ ಮಾಡಿಸಿ ಕಳಿಸಿದ್ದಳಂತೆ. ಇದನ್ನೆಲ್ಲ ಮೈಲಾರಪ್ಪನಿಗೆ ಹೇಳಿದವನು ಕೊಟ್ಟೂರಪ್ಪನೇ. ಬೆನ್ನು ನೋಯುವಾಗ ಅವನಿಗೆ ಮಾತೇ ಔಷಧಿ.

ಮೈಲಾರಪ್ಪನ ಮನೆಯೂ ಅರ್ಧ ಖಾಲಿಯೇ. ಹೆಂಡತಿ ಹೆರಿಗೆಯಲ್ಲಿ ಹೋದಳು. ಉಳಿದ ಕೂಸು ಈರಮ್ಮನಿಗೆ ಈಗ ಐದು ವರ್ಷ. ಅವನು ಸುಟ್ಟ ರೊಟ್ಟಿ ಅವಳು ದೂರದೆ ತಿನ್ನುತ್ತಿದ್ದಳು. ಅವನು ಬಾಚಿದ ತಲೆ ಮಾತ್ರ ಎಂದೂ ಬಾಚಿದ ಹಾಗೆ ಕಾಣುತ್ತಿರಲಿಲ್ಲ. ಸಂಜೆ ಮಗಳಿಗೆ ಉಣ್ಣಿಸುತ್ತ ಕೂತಲ್ಲೇ ನಿದ್ದೆ ಹೋದರೆ, ತುತ್ತು ಕೈಯಲ್ಲೇ ಇರುತ್ತಿತ್ತು.

ಗಾಲಿಯ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕಾಯಲು ಇಟ್ಟು ಬಂದು ನೋಡಿದರೆ, ಈರಮ್ಮ ವಿರೂಪಮ್ಮನ ಮೊಣಕಾಲ ಸಂದಿಯಲ್ಲಿ ಕೂತಿದ್ದಳು. ಎಣ್ಣೆ ಕುಡಿದ ಕೂದಲು ಎರಡು ಜಡೆಯಾಗಿ ಬೆನ್ನ ಮೇಲೆ ಇಳಿದಿತ್ತು.

"ಗಾಲಿಗೆ ಅಂತ ಇಟ್ಟ ಔಡಲೆಣ್ಣಿ ನಿಮ್ಮ ಮಗಳ ತಲಿಗಿ ಹಚ್ಚೀನಿ. ತಪ್ಪು ತಿಳೀಬ್ಯಾಡ್ರಿ."

"ಗಾಲಿ ಕಿರುಗುಟ್ಟಿದರ?"

"ಗಾಲಿ ಕಿರುಗುಟ್ಟಲಿ ಬಿಡ್ರಿ. ಕೂಸು ಬಾಚಣಿಕಿ ಕಂಡರ ಕಿರುಗುಡ್ತಿತ್ತು."

ಐದು ವರ್ಷದಲ್ಲಿ ಅವನ ಹೆಗಲ ಮೇಲಿನ ಒಂದು ಕೆಲಸವನ್ನು ಯಾರಾದರೂ ಕೇಳದೆ ಎತ್ತಿಕೊಂಡದ್ದು ಇದೇ ಮೊದಲು. ಅವನು ಬೆಂಕಿಯ ಕಡೆ ನಡೆದ. ಕೆಂಪಗೆ ಕಾದ ಹಳಿಯನ್ನು ಇಕ್ಕಳದಲ್ಲಿ ಎತ್ತಿ ಗಾಲಿಯ ಮೇಲೆ ಕೂರಿಸಿದಾಗ ಕಟ್ಟಿಗೆ ಹೊಗೆಯಾಡಿತು. ವಿರೂಪಮ್ಮ ತಾನೇ ಕೊಡ ತಂದು ನೀರು ಹೊಯ್ದಳು. ಬುಸ್ಸೆಂದು ಎದ್ದ ಹಬೆಯ ಆಚೆ ಅವಳು, ಈಚೆ ಅವನು. ಹಬೆ ತಿಳಿಯಾದರೂ ಇಬ್ಬರೂ ಕಣ್ಣು ತೆಗೆಯಲಿಲ್ಲ. ಮೊದಲು ಕೊಡ ಕೆಳಗಿಟ್ಟವಳು ಅವಳೇ.

ಮರುದಿನ ಬಂಡಿ ಹೊರಡಲಿಲ್ಲ. ಹೊರಡದಂತೆ ಮಾಡಿದವನು ಮೈಲಾರಪ್ಪ. ದಂಡಿನಲ್ಲಿ ಮುರಿದ ಸಾರೋಟೊಂದರ ಉಕ್ಕಿನ ಸ್ಪ್ರಿಂಗುಗಳು ಹಿತ್ತಲಲ್ಲಿ ಬಿದ್ದಿವೆ, ಅವನ್ನು ಅಚ್ಚಿಗೂ ಬಂಡಿಯ ಹಲಗೆಗೂ ನಡುವೆ ಕೂರಿಸಿದರೆ ಅಜ್ಜನ ಬೆನ್ನಿಗೆ ಕಲ್ಲು ದಾರಿಯೂ ಹತ್ತಿಯ ಹಾಸಿಗೆಯಾಗುತ್ತದೆ ಎಂದ. ವಿರೂಪಮ್ಮ ಅನುಮಾನದಿಂದ ನೋಡಿದಳು. ಇಷ್ಟೆಲ್ಲ ಯಾತಕ್ಕೆ ಎಂದು ಕೇಳಿದಳು. ಅಜ್ಜನ ಬೆನ್ನಿಗೆ ಎಂದ. ಅಜ್ಜನ ಬೆನ್ನು ನಿಮಗೆ ನಿನ್ನೆಯಷ್ಟೇ ಗೊತ್ತಾಗಿದ್ದು ಎಂದಳು. ಅವನು ತೂತು ಕೊರೆಯುವ ಬೈರಿಗೆ ಹುಡುಕುವ ನೆಪದಲ್ಲಿ ಒಳಗೆ ಹೋದ.

ಕೆಲಸ ಅಮಾವಾಸ್ಯೆ ದಾಟಿ ಬೆಳೆಯಿತು. ಸ್ಪ್ರಿಂಗು ಕೂರಿಸಿದ. ಗಾಳಿಯಾಡಲಿ ಎಂದು ಮುಚ್ಚಿಗೆಗೆ ಒಂದು ಪುಟ್ಟ ಕಿಟಕಿ ಬಿಟ್ಟ. ಹಗಲು ಮಡಚಿಡುವ, ರಾತ್ರಿ ಬಿಚ್ಚಿಕೊಳ್ಳುವ ಹಲಗೆ ಮಂಚ ಮಾಡಿದ. ಬಳೆಯ ಗೂಡುಗಳಿಗೆ ಹಳೆಯ ಕಂಬಳಿಯ ತುಂಡು ಹೊಲಿದು ಒಂದು ಬಳೆಯೂ ಅಲುಗದಂತೆ ಒತ್ತು ಕೊಟ್ಟ. ಹಗ್ಗದ ಒಂದು ತುದಿ ಅವನು ಹಿಡಿದರೆ ಇನ್ನೊಂದು ತುದಿ ಅವಳು ಹಿಡಿಯುತ್ತಿದ್ದಳು. ಬಿಗಿಯಾಯಿತೇ ಎಂದು ಅವನು ಕೇಳುತ್ತಿದ್ದ. ಬಿಗಿಯಾಗಿದ್ದರೂ ಇನ್ನೊಂಚೂರು ಎನ್ನುತ್ತಿದ್ದಳು.

ಬಂಡಿ ಹೊರಟ ದಿನ ಕೌಲ್ ಬಜಾರಿನ ಓಣಿಯಲ್ಲಿ ಎತ್ತಿನ ಗೊರಸಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಕೊಟ್ಟೂರಪ್ಪ ತಿರುವು ದಾಟುವ ಮೊದಲೇ ಗೊರಕೆ ಹೊಡೆಯುತ್ತಿದ್ದ. ಮೈಲಾರಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡುತ್ತ ನಿಂತ. ತಾನು ಮಾಡಿದ್ದರಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ ಎನ್ನಿಸಿತು.

ಅವರು ತಿರುಗಿ ಬಂದದ್ದು ಹೇಳಿದ್ದಕ್ಕಿಂತ ಬೇಗ. ವಿರೂಪಮ್ಮ ಎತ್ತು ಬಿಚ್ಚಲಿಲ್ಲ, ಕೂರಲಿಲ್ಲ.

"ಸ್ಪ್ರಿಂಗ್ ತಗೀರಿ. ಹಳೇದು ಹೆಂಗಿತ್ತೋ ಹಂಗ ಮಾಡಿಕೊಡ್ರಿ."

ಮೈಲಾರಪ್ಪನ ಎದೆಗೆ ಹಲಗೆ ಬಿದ್ದ ಹಾಗಾಯಿತು. ಊರವರು ಏನೋ ಆಡಿಕೊಂಡಿರಬೇಕು, ತನ್ನ ಕೈಯ ಉಪಕಾರವೇ ಬೇಡ ಅನ್ನುವಷ್ಟು ನೊಂದಿರಬೇಕು ಎಂದುಕೊಂಡ. ಬಂಡಿಯೊಳಗೆ ಇಣುಕಿದ. ಗೂಡುಗಳು ಹೋದಾಗ ಹೇಗಿದ್ದವೋ ಹಾಗೇ ತುಂಬಿದ್ದವು. ಹಸಿರು, ಕೆಂಪು, ಹೂವಿನ ಬಳೆ, ಒಂದು ಡಜನ್ನೂ ಖಾಲಿಯಾಗಿರಲಿಲ್ಲ.

ನಡೆದದ್ದನ್ನು ಕೊಟ್ಟೂರಪ್ಪ ಹೇಳಿದ. ಕುರುಗೋಡಿನಲ್ಲಿ ಬಂಡಿ ಒಂದು ಓಣಿ ಬಿಡದೆ ತಿರುಗಿತು, ಒಬ್ಬಳೂ ಬಾಗಿಲಿಗೆ ಬರಲಿಲ್ಲ. ಬಳೆಯ ಬಂಡಿ ಬಂತು ಎಂದು ಹೆಂಗಸರಿಗೆ ತಿಳಿಯುತ್ತಿದ್ದುದೇ ಆ ಝಲ್ಲೆನ್ನುವ ಸದ್ದಿನಿಂದ. ಕುಟ್ಟುವವಳು ಒನಕೆ ಬಿಟ್ಟು, ಮಲಗಿದ್ದವಳು ಚಾಪೆ ಬಿಟ್ಟು ಹೊರಗೆ ಬರುತ್ತಿದ್ದಳು. ಈಗ ಬಂಡಿ ಕಳ್ಳನ ಹಾಗೆ ಬಂದು ಕಳ್ಳನ ಹಾಗೆ ಹೋಯಿತು. ಸಿರುಗುಪ್ಪದ ತನಕ ಇದೇ ಕಥೆ. ಬಂಡಿ ನಿಂತರೆ ಅನ್ನ ನಿಂತ ಹಾಗೆ.

ಸಾರೋಟಿಗೆ ಯಾವುದು ಗುಣವೋ ಬಳೆ ಬಂಡಿಗೆ ಅದೇ ರೋಗ. ಇದು ಮೈಲಾರಪ್ಪನ ತಲೆಗೆ ಹೊಳೆದೇ ಇರಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಅವನು ಆಡಬಾರದ ಮಾತು ಆಡಿದ.

"ಒಂದು ಕೂಗು ಹಾಕಿದ್ದರ ಆಗ್ತಿತ್ತಲ್ಲ."

ವಿರೂಪಮ್ಮ ಅವನನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಮಾವನಿಗೆ ಕೂಗಾಕ ದಮ್ಮಿಲ್ಲ. ನಾನು ಕೂಗಬೇಕು. ಗಂಡನ್ನ ಕಳಕೊಂಡಾಕಿ ಮುಂಜಾನಿ ಬಾಗಲಾಗ ನಿಂತು ಬಳಿ ಅಂತ ಕೂಗಿದರ ಯಾರು ಕೈ ಚಾಚತಾರ ಬಡಿಗ್ಯಾರ? ಆ ಸದ್ದು ನನ್ನ ಪಾಲಿಗೆ ಬಾಯಿ ಇದ್ದಂಗ ಇತ್ತು."

ಅವನು ತಲೆ ತಗ್ಗಿಸಿದ. ಅವಳು ತಗ್ಗಿದ ದನಿಯಲ್ಲಿ ಮುಂದುವರಿಸಿದಳು. ಕುರುಗೋಡಿನಲ್ಲೇ ತಿರುಗಿ ಬರಬಹುದಿತ್ತು, ಆದರೆ ಊರು ದಾಟಿ ದಾರಿ ಹಿಡಿದ ಕೂಡಲೇ ಮಾವ ನರಳದೆ ಮಲಗುತ್ತಿದ್ದ. ಎಷ್ಟೋ ವರ್ಷದ ಮೇಲೆ ಹಾಗೆ ಮಲಗಿದ್ದನ್ನು ಕಂಡು ಆ ನಿದ್ದೆ ಕೆಡಿಸುವ ಮನಸ್ಸಾಗಲಿಲ್ಲ. ಹಾಗೇ ಸಿರುಗುಪ್ಪದವರೆಗೆ ಹೊಡೆದುಕೊಂಡು ಹೋದೆ ಎಂದಳು. "ಅದಕ್ಕ ನಿಮಗ ಕೈ ಮುಗೀತೀನಿ. ಆದರೂ ತಗೀರಿ."

ಮೈಲಾರಪ್ಪ ತೆಗೆಯಲಿಲ್ಲ. ಒಂದು ಹೊತ್ತು ಬಂಡಿಯ ಕೆಳಗೆ ಮಲಗಿ ನೋಡಿದ. ಸ್ಪ್ರಿಂಗಿನ ಮೇಲಿನದು ಮೆತ್ತಗೆ ತೇಲುತ್ತದೆ, ಕೆಳಗಿನ ಅಚ್ಚು ಮಾತ್ರ ಇಂದಿಗೂ ಪ್ರತಿ ಕಲ್ಲಿಗೂ ಹಾರುತ್ತದೆ. ಜೋಡಿ ತಪ್ಪಿದ, ಯಾರೂ ಕೊಳ್ಳದ ಬಳೆಗಳನ್ನು ಕೇಳಿ ಇಸಿದುಕೊಂಡು ತೆಳುವಾದ ಕಬ್ಬಿಣದ ಸರಳುಗಳಿಗೆ ಪೋಣಿಸಿ, ಅಚ್ಚಿನ ಎರಡೂ ಬದಿಗೆ ಕಟ್ಟಿದ. ಎತ್ತುಗಳು ಹತ್ತು ಹೆಜ್ಜೆ ಇಟ್ಟವು. ಓಣಿಯಲ್ಲಿ ಮೂರು ಮನೆಯ ಬಾಗಿಲು ತೆರೆದವು. ಒಳಗೆ ಕೊಟ್ಟೂರಪ್ಪ ಕಣ್ಣು ಮುಚ್ಚಿಯೇ ಇದ್ದ.

ವಿರೂಪಮ್ಮ ಸೆರಗಿನ ಚುಂಗಿನಿಂದ ಕಣ್ಣು ಒರೆಸಿಕೊಂಡು, ಧೂಳು ಎಂದಳು.

ದಾರಿಯಲ್ಲಿ ಸರಳು ಸಡಿಲಾದರೆ ಎಂಬ ನೆಪ ಹೇಳಿ ಈ ಸಲ ಅವನೂ ಜೊತೆಗೆ ಹೊರಟ. ಈರಮ್ಮನನ್ನು ಬಂಡಿಯೊಳಗೆ ಅಜ್ಜನ ಪಕ್ಕ ಕೂರಿಸಿ, ತಾನು ಗಾಲಿಯ ಪಕ್ಕದಲ್ಲಿ ನಡೆದ. ಕುರುಗೋಡಿನ ಬಂಡೆಗುಡ್ಡಗಳ ಕೆಳಗೆ ಬಂಡಿ ಓಣಿಗೆ ಇಳಿದ ಕೂಡಲೇ ಹೆಂಗಸರು ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಎಲ್ಲಿ ಸತ್ತು ಹೋಗಿದ್ದಿಯೋ ಮುದುಕಾ ಎಂದು ಬೈದರು. ಹಿಂದಿನ ಸಲ ಬಂದು ಹೋದೆವು ಎಂದರೆ ಯಾರೂ ನಂಬಲಿಲ್ಲ. ಬಂಡಿಯ ಪಕ್ಕ ನಿಂತವನು ಯಾರು ಎಂದು ಒಬ್ಬಳು ಕೇಳಿದಾಗ, ಸ್ಪ್ರಿಂಗಿನ ಜೊತೆ ಬಂದ ಸಾಮಾನು ಎಂದು ವಿರೂಪಮ್ಮ ಹೇಳಿದಳು. ಆ ಮಾತಿಗೆ ಅವನು ದಿನವಿಡೀ ಒಳಗೊಳಗೇ ನಕ್ಕ.

ಸಿರುಗುಪ್ಪ ಮುಟ್ಟಿದ ಮರುದಿನ ಸೋಮವಾರ. ಬಸವಣ್ಣನ ದಿನ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ನೆಲ್ಲಿನ ಗದ್ದೆಗಳ ಅಂಚಿನಲ್ಲಿ, ಹುಣಸೆ ಮರದ ನೆರಳಲ್ಲಿ ಬಂಡಿ ನಿಂತಿತ್ತು. ಈರಮ್ಮ ಎತ್ತುಗಳಿಗೆ ಹುಲ್ಲು ತಿನ್ನಿಸುತ್ತಿದ್ದಳು. ಮೈಲಾರಪ್ಪ ಬಂಡಿಯ ಕೆಳಗೆ ಮಲಗಿ ಒಡೆದ ಬಳೆ ತೆಗೆದು ಬೇರೆ ಪೋಣಿಸುತ್ತಿದ್ದ. ಒಂದೊಂದೇ ಬಳೆ ಕೆಳಗೆ ಚಾಚುತ್ತ ವಿರೂಪಮ್ಮ ಬಂಡಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಅವನಿಗೆ ಕಾಣುತ್ತಿದ್ದುದು ಅವಳ ಪಾದ ಮತ್ತು ಬೆರಳ ತುದಿ ಅಷ್ಟೇ. ಮುಖ ಕಾಣದ್ದೇ ಧೈರ್ಯವಾಯಿತು.

"ಒಂದು ಮಾತು ಕೇಳ್ತೀನಿ. ಬಂಡಿಯಾಗ ನನ್ನ ಉಳಿ ಬಾಚಿ ಪೆಟ್ಟಿಗಿ ಇಡಾಕ ಜಾಗ ಐತೇನು?"

ಬಳೆ ಹಿಡಿದ ಬೆರಳು ಅಲ್ಲೇ ನಿಂತಿತು.

"ಎಷ್ಟು ದಿನಕ್ಕ?"

"ಪೆಟ್ಟಿಗಿ ಇರೋ ತನಕ."

ಅವಳು ಆ ಬಳೆಯನ್ನು ಅವನ ಕೈಗಿಟ್ಟಳು. ಆಮೇಲೆ ಅವಳು ಮೆಲ್ಲಗೆ ಹೇಳಿದಳು. ಬಳ್ಳಾರಿಯಲ್ಲಿ ಮನೆ ಮಾಡಿಕೊಂಡು ಇರು ಎಂದರೆ ತನ್ನಿಂದಾಗದು, ಮಾವನನ್ನು ಬಿಡುವವಳಲ್ಲ, ಈ ದಾರಿ ಬಿಡುವವಳೂ ಅಲ್ಲ.

"ಬಿಡು ಅಂದವರು ಯಾರು? ಊರೂರಾಗ ಗಾಲಿ ಮುರೀತಾವ. ನನಗೂ ಕೆಲಸ ಸಿಕ್ಕತೈತಿ. ಮಳಿಗಾಲಕ್ಕ ಚಪ್ಪರ ಐತಿ. ನೀ ಇರೋ ಕಡಿ ನಾವಿಬ್ಬರೂ ಇರ್ತೀವಿ."

ನೀ ಎಂದದ್ದು ಅವನಿಗೇ ತಡವಾಗಿ ತಿಳಿಯಿತು. ಬಂಡಿಯ ಅಂಚಿನಿಂದ ಅವಳ ಮುಖ ತಲೆಕೆಳಗಾಗಿ ಇಣುಕಿತು. ಜಡೆ ನೆಲ ಮುಟ್ಟಿತ್ತು. ಕೆನ್ನೆ ಒದ್ದೆಯಾಗಿತ್ತು, ಕಣ್ಣು ನಗುತ್ತಿತ್ತು.

"ಪೆಟ್ಟಿಗಿ ಎತ್ತು ಎಳೀತಾವ. ಬಡಿಗ್ಯಾರು ಮಾತ್ರ ನಡಕೊಂಡಾ ಬರಬೇಕು."

ಮೇಲೆ ಹಲಗೆ ಕಿರುಗುಟ್ಟಿತು. ಕೊಟ್ಟೂರಪ್ಪ ಎದ್ದು ಕೂತಿದ್ದ. ತಾನು ಬೆಳಗಿನಿಂದ ಕಣ್ಣು ಮುಚ್ಚಿ ಮಲಗಿ ಬೆನ್ನೆಲ್ಲ ಮತ್ತೆ ನೋಯುತ್ತಿದೆ, ಈ ಮಾತು ಕುರುಗೋಡಿನಲ್ಲೇ ಆಡಿದ್ದರೆ ಏನಾಗುತ್ತಿತ್ತು ಎಂದು ಗೊಣಗಿದ. ಕಸುಬು ಬೇರೆಯಾದರೂ ಇಬ್ಬರದೂ ಒಂದೇ ಕುಲ. ಗಂಡನಿಲ್ಲದವಳಿಗೆ ಹೊಸ ಸೀರೆ ಉಡಿಸಿ ಮನೆ ತುಂಬಿಸಿಕೊಳ್ಳುವ ಉಡಿಕಿ ಅವರಲ್ಲಿ ಹಿಂದಿನಿಂದ ಇದೆ. ಆದರೆ ಸೊಸೆ ಬಾಯಿ ಬಿಡುವ ಮೊದಲೇ ನಾನಾಗಿ ಹೇಳಿದರೆ, ಮುದುಕ ತನ್ನನ್ನು ಹೊರಗೆ ಹಾಕುತ್ತಿದ್ದಾನೆ ಎಂದುಕೊಂಡಾಳು ಎಂದು ಇಷ್ಟು ದಿನ ಸುಮ್ಮನಿದ್ದೆ ಎಂದ.

ವಿರೂಪಮ್ಮ ಮಾವನ ಕಾಲು ಹಿಡಿದು ಕೂತಳು. ಮುದುಕ ಅವಳ ತಲೆಯ ಮೇಲೆ ಕೈಯಿಟ್ಟ.

"ನನ್ನ ಮಗ ಹೋದ ದಿನ ಈಕಿ ಬಳಿ ಒಡದರಪ್ಪ. ನಾನಾ ತೊಡಿಸಿದ್ದ ಬಳಿ. ನಾನು ಬಾಗಲಾಗ ನಿಂತು ಆ ಸದ್ದು ಕೇಳಿದೆ. ಊರಿಗೆಲ್ಲ ತೊಡಿಸ್ಕೊಂತ ಬಂದು, ಮನ್ಯಾಗಿನ ಕೈ ನೋಡಾಕ ಆಗ್ತಿರಲಿಲ್ಲ."

ಮೈಲಾರಪ್ಪ ಬಂಡಿಯ ಕೆಳಗಿನಿಂದ ಎದ್ದು ಬಂದು ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದ. ಕೊಟ್ಟೂರಪ್ಪ ಅಷ್ಟರಲ್ಲಿ ಗೂಡಿನ ಕಡೆ ತಿರುಗಿದ್ದ. ಒಂದು ಕಟ್ಟು ತೆಗೆದ, ಬೇಡವೆಂದು ಇಟ್ಟ. ಇನ್ನೊಂದು ತೆಗೆದು ಬೆಳಕಿಗೆ ಹಿಡಿದು ನೋಡಿದ, ಎಳೆಯ ನೆಲ್ಲಿನ ಹಸಿರು. ಶಾಸ್ತ್ರಕ್ಕೆ ಕಾಯೋಣ ಎಂದು ಸೊಸೆ ಅಂದಳು.

"ಸೀರಿ ಬಳ್ಳಾರಿಯಾಗ ಹಿರೇರ ಮುಂದ ಉಡಿಸಿದರಾತು. ಬಳಿ ಮಾತ್ರ ಈಗ. ನನ್ನ ವಯಸ್ಸಿನೋರು ಕಾಯಬಾರದು."

ಅವಳು ಕೈ ಚಾಚಿದಳು. ಎಲ್ಲ ಊರಿನ ಕೈಗಳನ್ನೂ ಬಲ್ಲ ಆ ಹಳೆಯ ಬೆರಳುಗಳು ಅವಳ ಗೆಣ್ಣನ್ನು ಒತ್ತಿ ನೋಡಿದವು. ಅವಳ ಕೈ ಹೆದರಿದ ಹಕ್ಕಿಯ ಹಾಗೆ ಬಿಗಿದುಕೊಂಡಿತ್ತು. ಈರಮ್ಮ ಹುಲ್ಲು ಬಿಟ್ಟು ಓಡಿ ಬಂದು ಅಪ್ಪನ ಮೊಣಕಾಲಿಗೆ ಆತುಕೊಂಡು ನಿಂತಳು. ಅವಳ ತಲೆ ಸವರುತ್ತ ಮೈಲಾರಪ್ಪ ಯಾವ ದೇವರಿಗೆಂದು ತಿಳಿಯದೆ ಎಲ್ಲರಿಗೂ ಮನಸ್ಸಿನಲ್ಲೇ ಕೈ ಮುಗಿದ.

"ಸಡಿಲ ಬಿಡವ್ವ," ಎಂದ ಕೊಟ್ಟೂರಪ್ಪ, "ಕೈ ಸಡಿಲ ಬಿಡು. ನೋವಾಗದಂಗ ತೊಡಿಸ್ತೀನಿ."

ವಿರೂಪಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಮೊದಲ ಬಳೆ ಗೆಣ್ಣು ದಾಟಿತು.